ಜಪಾನಿ ಕಂಪನಿಯಲ್ಲಿ ಪರದೇಶಿ

(ಪುಣೆಯ ಕೊಂಢವಾದಲ್ಲಿ ಸಂಘದ ಸದಸ್ಯ ಕುಟುಂಬಗಳ ಕೂಟದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ನಮ್ಮ ಕನ್ನಡದಲ್ಲಿ ‘ಪರದೇಶಿ’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಬೇರೆ ದೇಶದವನು ಎಂಬುದು ನಿಘಂಟಿನ ಅರ್ಥ. ಹೇಳುವವರು ಕೇಳುವವರು ಯಾರೂ ಇಲ್ಲದವನು ಎಂಬುದು ಮನೆಮಾತಿನ ಅರ್ಥ. ಜಪಾನಿನ ಕಂಪನಿಗಳಿಗೆ ದುಡಿಯಲು ಹೋಗುವ ನಮ್ಮ ಮಕ್ಕಳು ಮೊದಲನೆಯ ಅರ್ಥದಲ್ಲಿ ಪರದೇಶಿಗಳಾಗುವುದು ಅನಿವಾರ್ಯ. ಎರಡನೆಯ ಅರ್ಥದಲ್ಲಿಯೂ ಆಗಲೇಬೇಕೆ ಎಂಬುದು ಈ ಸಂಜೆ ನಾನು ತಮ್ಮ ಮುಂದಿಡುವ ಪ್ರಶ್ನೆ.

ಈ ವಿಷಯವನ್ನು ಆರಿಸಿಕೊಳ್ಳಲು ಕಾರಣವಿದೆ. ಜಪಾನಿ ಭಾಷೆಯ ಕಲಿಕೆಗೆ ನಮ್ಮ ಪುಣೆ ಹೆಸರಾದ ಊರು. ರಾನಡೆ ಇನ್‌ಸ್ಟಿಟ್ಯೂಟಿನಲ್ಲಿ, ತಿಲಕ್ ಮಹಾರಾಷ್ಟ್ರ ವಿದ್ಯಾಪೀಠದಲ್ಲಿ ಆ ಭಾಷೆಯನ್ನು ಕಲಿಸುತ್ತಾರೆ. ಸಿಂಹಗಡ ರಸ್ತೆಯಲ್ಲಿ ಪು. ಲ. ದೇಶಪಾಂಡೆಯವರ ಹೆಸರಿನ ಉದ್ಯಾನವೇ ಒಕಾಯಾಮಾ ನಗರದ ತೋಟದ ಮಾದರಿಯಲ್ಲಿ ರೂಪುಗೊಂಡಿದೆ. ನಮ್ಮ ಸಂಘದ ಮನೆಗಳಿಂದಲೂ ಮಕ್ಕಳು ಆ ತರಗತಿಗಳಿಗೆ ಹೋಗುತ್ತಿದ್ದಾರೆ. ತಂದೆತಾಯಿಗಳು ಕೇಳುವ ಪ್ರಶ್ನೆಗಳು ಮಾತ್ರ ಎರಡೇ: ಸಂಬಳವೆಷ್ಟು, ಶಾಕಾಹಾರ ಸಿಗುತ್ತದೆಯೆ? ಹತ್ತು ವರ್ಷಗಳ ಮೇಲೆ ಆ ಮಗು ಅಲ್ಲಿ ಏನಾಗಿರುತ್ತದೆ ಎಂದು ಕೇಳಿದವರನ್ನು ನಾನು ಕಾಣೆ. ಸ್ವತಃ ನಾನೂ ಕೇಳಲಿಲ್ಲ. ನನ್ನ ಮಗಳು 2017ರಲ್ಲಿ ನಾಗೋಯಾ ಸಮೀಪದ ಒಂದು ಕಂಪನಿಗೆ ಇಂಜಿನಿಯರಾಗಿ ಹೋದಳು.

ಜಪಾನಿನ ಕಡೆಗೆ ಮುಖ ಮಾಡಿದ ಕನ್ನಡಿಗರಲ್ಲಿ ಮೊದಲು ನೆನೆಯಬೇಕಾದವರು ಇದೇ ಪುಣೆಯಲ್ಲಿ ಓದಿದವರು. ಇಲ್ಲಿನ ವಿಜ್ಞಾನ ಕಾಲೇಜಿನಲ್ಲಿ ಇಂಜಿನಿಯರಿಂಗ್ ಮುಗಿಸಿ 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಗೆ ಸೇರಿದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು 1898ರಲ್ಲಿ ಜಪಾನಿಗೆ ಹೋಗಿ ಸುಮಾರು ಮೂರು ತಿಂಗಳು ಅಲ್ಲಿನ ಶಿಕ್ಷಣವನ್ನೂ ಕೈಗಾರಿಕೆಯನ್ನೂ ಕಂಡು ಬಂದರು. ಖಡಕ್‌ವಾಸ್ಲಾದ ಸ್ವಯಂಚಾಲಿತ ಬಾಗಿಲುಗಳು 1903ರವು. ಇಷ್ಟೆಲ್ಲ ಸಾಧಿಸಿದ ಆ ಅಧಿಕಾರಿ 1908ರಲ್ಲಿ ಸ್ವಇಚ್ಛೆಯಿಂದ ನಿವೃತ್ತರಾದರು. ಮುಖ್ಯ ಇಂಜಿನಿಯರರ ಕುರ್ಚಿ ಆ ಕಾಲದ ಏರ್ಪಾಡಿನಲ್ಲಿ ಭಾರತೀಯನಿಗೆ ದಕ್ಕುವಂಥದ್ದಾಗಿರಲಿಲ್ಲ. ತನ್ನ ನೆಲದಲ್ಲಿಯೇ ಹೊರಗಿನವನಾಗುವುದೆಂದರೆ ಏನೆಂದು ಅವರಿಗೆ ತಿಳಿದಿತ್ತು.

ಅವರು ಕಂಡ ಜಪಾನು ಪರದೇಶಿಗಳನ್ನು ಬಳಸಿಕೊಂಡ ರೀತಿಯೂ ಗಮನಾರ್ಹ. ಮೇಜಿ ಯುಗದ ಸರ್ಕಾರ ಪಾಶ್ಚಾತ್ಯ ತಜ್ಞರನ್ನು ಭಾರಿ ಸಂಬಳ ಕೊಟ್ಟು ಕರೆಸಿತು. ಟೋಕಿಯೋದ ಇಂಜಿನಿಯರಿಂಗ್ ಕಾಲೇಜನ್ನು 1873ರಿಂದ 1882ರವರೆಗೆ ನಡೆಸಿದ ಸ್ಕಾಟ್ಲೆಂಡಿನ ಹೆನ್ರಿ ಡಯರ್ ಅಂಥವರಲ್ಲೊಬ್ಬರು. ವಿದ್ಯೆ ಕಲಿಸಿದರು, ಸನ್ಮಾನ ಪಡೆದರು, ಊರಿಗೆ ಮರಳಿದರು. ಪರದೇಶಿಯನ್ನು ಗುರುವಾಗಿ ಗೌರವಿಸುವುದು ಅಲ್ಲಿ ಹಳೆಯ ಪದ್ಧತಿ. ಅವನು ಸಹೋದ್ಯೋಗಿಯಾಗಿ ನೆಲೆ ನಿಲ್ಲುವುದು ಬಹಳ ಈಚಿನದು.

ಈಗ ಕಂಪನಿಯ ಒಳಗೆ ಹೋಗೋಣ. ಜಪಾನಿ ಕಂಪನಿಯನ್ನು ಅರಿಯಲು ಅಮೆರಿಕದ ಕಂಪನಿಗಿಂತ ನಮ್ಮ ಕೇಂದ್ರ ಸರ್ಕಾರದ ಕಚೇರಿಯೇ ಉತ್ತಮ ಕೀಲಿಕೈ ಎಂದರೆ ತಾವು ನಗಬಹುದು. ಆದರೆ ನೋಡಿ: ಪದವಿ ಮುಗಿಸಿದವರನ್ನು ಏಪ್ರಿಲ್ 1ರಂದು ಒಂದೇ ತಂಡವಾಗಿ ಸೇರಿಸಿಕೊಳ್ಳುತ್ತಾರೆ, ನಮ್ಮಲ್ಲಿ ‘ಬ್ಯಾಚ್’ ಎಂಬಂತೆ ಅಲ್ಲಿಯೂ ಜೊತೆಗೆ ಸೇರಿದವರದು ಜೀವಮಾನದ ನಂಟು. ನಿರ್ದಿಷ್ಟ ಕೆಲಸಕ್ಕಲ್ಲ, ಸಂಸ್ಥೆಗೆ ನೇಮಕ. ಕೆಲವು ವರ್ಷಗಳಿಗೊಮ್ಮೆ ವರ್ಗಾವಣೆ. ಹೆಂಡತಿ ಮಕ್ಕಳನ್ನು ಬಿಟ್ಟು ಒಬ್ಬನೇ ವರ್ಗಾವಣೆಯ ಊರಿಗೆ ಹೋಗುವುದಕ್ಕೆ ‘ತಾನ್‌ಶಿನ್ ಫುನಿನ್’ ಎಂಬ ಹೆಸರೇ ಇದೆ. ಬಡ್ತಿಯಲ್ಲಿ ಸೇವಾಹಿರಿತನದ ತೂಕ ಇಂದಿಗೂ ಪೂರ್ತಿ ಇಳಿದಿಲ್ಲ. ಪ್ರಸ್ತಾವವೊಂದು ಕೆಳಗಿನ ಮೇಜಿನಿಂದ ಮೇಲಕ್ಕೆ ಒಬ್ಬೊಬ್ಬರ ಮುದ್ರೆ ಪಡೆಯುತ್ತ ಏರುವ ‘ರಿಂಗಿ’ ಪದ್ಧತಿಯನ್ನು ಕಂಡರೆ ನಮ್ಮ ಕಡತದ ಟಿಪ್ಪಣಿಗಳ ನೆನಪಾಗದಿರದು.

ಭೇದವಿರುವುದು ಕಡತ ಹೊರಡುವ ಮುನ್ನ. ಮರವನ್ನು ಬೇರೆಡೆ ನೆಡುವ ಮೊದಲು ಅದರ ಬೇರಿನ ಸುತ್ತ ಅಗೆದು ಹದಗೊಳಿಸುವುದಕ್ಕೆ ಅಲ್ಲಿನ ತೋಟಗಾರರು ‘ನೆಮಾವಾಶಿ’ ಎನ್ನುತ್ತಾರೆ. ಕಂಪನಿಯಲ್ಲಿ ಆ ಮಾತಿಗೆ, ಸಭೆಗೆ ಮುಂಚೆ ಪ್ರತಿಯೊಬ್ಬರನ್ನೂ ಬೇರೆಬೇರೆಯಾಗಿ ಕಂಡು ಒಪ್ಪಿಸುವುದು ಎಂದರ್ಥ. ಸಭೆಯಲ್ಲಿ ನಿರ್ಧಾರವಾಗುವುದಿಲ್ಲ, ಆದ ನಿರ್ಧಾರಕ್ಕೆ ತಲೆಯಾಡಿಸಲಾಗುತ್ತದೆ. ಈ ಅಗೆತ ನಡೆಯುವುದು ಊಟದ ಮೇಜಿನಲ್ಲಿ, ಸಂಜೆಯ ಪಾನಗೋಷ್ಠಿಯಲ್ಲಿ, ಕಾರಿಡಾರಿನ ಎರಡು ಮಾತುಗಳಲ್ಲಿ. ಪರದೇಶಿಗೆ ಬಾಗಿಲು ಮುಚ್ಚುವುದು ನೇಮಕದ ಹೊತ್ತಿನಲ್ಲಲ್ಲ, ಇಲ್ಲಿ.

ಆದ್ದರಿಂದ ಭಾಷೆಯ ಮಾತು ಬರುತ್ತದೆ. ಜಪಾನಿ ಭಾಷಾ ಪರೀಕ್ಷೆಗೆ ಈಗ ಐದು ಮೆಟ್ಟಿಲು; ಕೆಳಗಿನದು ಎನ್ 5, ಮೇಲಿನದು ಎನ್ 1. ನಿತ್ಯಬಳಕೆಗೆಂದು ಸರ್ಕಾರ 2010ರಲ್ಲಿ ಪರಿಷ್ಕರಿಸಿದ ಪಟ್ಟಿಯಲ್ಲಿರುವ ಚಿತ್ರಲಿಪಿಗಳೇ 2136. ಅದರ ಮೇಲೆ ಹಿರಿಯರೊಡನೆ ಆಡುವ ‘ಕೇಗೋ’ ಎಂಬ ಗೌರವಭಾಷೆ. ಆದರೂ ಕನ್ನಡದ ಮಗುವಿಗೆ ಒಂದು ಅನುಕೂಲವುಂಟು. ಜಪಾನಿಯಲ್ಲಿಯೂ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ವಿಭಕ್ತಿ ನಾಮಪದದ ಹಿಂದೆ ಅಂಟುತ್ತದೆ. ನಾವು ‘ತಿಂದು ನೋಡು’ ಎನ್ನುವಲ್ಲಿ ಅವರು ‘ತಬೆತೆ ಮಿರು’ ಎನ್ನುತ್ತಾರೆ. ಮಿರು ಎಂದರೆ ನೋಡು. ನಮ್ಮ ‘ಬರೆದಿಡು’ ಅವರ ‘ಕಾಯಿತೆ ಓಕು’. ಓಕು ಎಂದರೆ ಇಡು. ಮನೆ ಬಿಡುವಾಗ ನಮ್ಮ ಹಿರಿಯರು ‘ಹೋಗುತ್ತೇನೆ’ ಎನ್ನಲು ಬಿಡುತ್ತಿರಲಿಲ್ಲ, ‘ಹೋಗಿ ಬರುತ್ತೇನೆ’ ಎನ್ನಬೇಕಿತ್ತು. ಜಪಾನಿನ ಮಕ್ಕಳು ದಿನವೂ ಹೊಸಿಲು ದಾಟುವಾಗ ಹೇಳುವ ‘ಇತ್ತೆಕಿಮಾಸು’ ಅಕ್ಷರಶಃ ಅದೇ. ಇದರಿಂದ ಎರಡೂ ಒಂದೇ ಕುಲದ ಭಾಷೆಗಳೆಂದು ಉಬ್ಬಬೇಕಾಗಿಲ್ಲ. ತಮಿಳಿಗೂ ಜಪಾನಿಗೂ ನಂಟು ಕಟ್ಟಿದ ಸುಸುಮು ಓನೋ ಅವರ ವಾದವನ್ನು ಭಾಷಾತಜ್ಞರು ಒಪ್ಪಲಿಲ್ಲ. ‘ಖಾವೂನ್ ಬಘ್’ ಎನ್ನುವ ಮರಾಠಿಗೂ ಈ ಅನುಕೂಲ ಇದ್ದೇ ಇದೆ.

ಭಾಷೆ ಬಂದರೆ ಸಾಕೆ? ಸಾಲದು. 1970ರಲ್ಲಿ ಪಾಕ್ ಚೊಂಗ್-ಸೊಕ್ ಎಂಬ ಯುವಕ ಹಿಟಾಚಿ ಕಂಪನಿಯ ಪರೀಕ್ಷೆಯಲ್ಲಿ ಉತ್ತೀರ್ಣನಾದ. ಹುಟ್ಟಿದ್ದು, ಬೆಳೆದದ್ದು ಜಪಾನಿನಲ್ಲಿಯೇ. ಆದರೆ ಕೊರಿಯಾ ಮೂಲದವನು. ಅರ್ಜಿಯಲ್ಲಿ ತನ್ನ ಜಪಾನಿ ಹೆಸರನ್ನು ಬರೆದಿದ್ದ. ಸಂಗತಿ ತಿಳಿದೊಡನೆ ಕಂಪನಿ ನೇಮಕವನ್ನು ಹಿಂದೆಗೆದುಕೊಂಡಿತು. ಆತ ನ್ಯಾಯಾಲಯಕ್ಕೆ ಹೋದ. 1974ರಲ್ಲಿ ಯೊಕೊಹಾಮಾ ಜಿಲ್ಲಾ ನ್ಯಾಯಾಲಯ ಅವನ ಪರವಾಗಿ ತೀರ್ಪಿತ್ತಿತು. ಅದೇ ಕಂಪನಿಗೆ ಸೇರಿ, 2011ರಲ್ಲಿ ನಿವೃತ್ತನಾಗುವವರೆಗೂ ಅಲ್ಲಿಯೇ ದುಡಿದ. ಅವನಿಗೆ ಭಾಷೆಯ ಕೊರತೆಯಿರಲಿಲ್ಲ. ಒಳಗೆ ಬರುವವನು ಮೆಟ್ಟಿಲು ಹತ್ತಬೇಕು, ನಿಜ. ಒಳಗಿರುವವನು ಅಗುಳಿ ತೆಗೆಯಬೇಕೆಂಬುದೂ ಅಷ್ಟೇ ನಿಜ. ತೆಗೆಯದಿದ್ದಾಗ ಕಾನೂನು ಬೇಕು. ರಾಷ್ಟ್ರೀಯತೆಯ ಕಾರಣಕ್ಕೆ ವೇತನದಲ್ಲಿ, ಕೆಲಸದ ಷರತ್ತುಗಳಲ್ಲಿ ಭೇದ ಮಾಡಬಾರದೆಂದು ಜಪಾನಿನ ಕಾರ್ಮಿಕ ಕಾಯಿದೆಯ ಮೂರನೆಯ ಕಲಮು ಹೇಳುತ್ತದೆ. ಅವಧಿ ಗುತ್ತಿಗೆಯ ಮೇಲೆ ನವೀಕರಣಗೊಳ್ಳುತ್ತ ಐದು ವರ್ಷ ಮೀರಿದವರು ಕಾಯಂ ಅವಧಿಯ ಒಪ್ಪಂದ ಕೇಳುವ ಹಕ್ಕು 2013ರ ಏಪ್ರಿಲಿನಿಂದ ಜಾರಿಯಲ್ಲಿದೆ. ಹೋಗುವ ಮಕ್ಕಳು ಇವನ್ನು ಓದಿಕೊಂಡು ಹೋಗಲಿ.

ಲೆಕ್ಕಪತ್ರದ ನೌಕರಿಯವನಾಗಿ ಇನ್ನೊಂದು ಮಾತು. ಭಾರತ–ಜಪಾನ್ ಸಾಮಾಜಿಕ ಭದ್ರತಾ ಒಪ್ಪಂದ 2016ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಇಲ್ಲಿನ ಕಂಪನಿ ಐದು ವರ್ಷದೊಳಗಿನ ಅವಧಿಗೆ ಕಳುಹಿಸಿದವರು ಭವಿಷ್ಯನಿಧಿ ಸಂಘಟನೆಯ ಪ್ರಮಾಣಪತ್ರ ಪಡೆದರೆ ಅಲ್ಲಿನ ಪಿಂಚಣಿ ವಂತಿಗೆ ತೆರಬೇಕಾಗಿಲ್ಲ. ಅಲ್ಲಿಯೇ ನೇಮಕಗೊಂಡವರು ತೆರಬೇಕು. ಅಲ್ಲಿನ ವೃದ್ಧಾಪ್ಯ ಪಿಂಚಣಿಗೆ ಮೊದಲು 25 ವರ್ಷ ಬೇಕಿತ್ತು, 2017ರ ಆಗಸ್ಟಿನಿಂದ 10 ವರ್ಷ ಸಾಕು. ಅರ್ಹತೆಗೆ ಎರಡೂ ದೇಶಗಳ ಅವಧಿಯನ್ನು ಕೂಡಿಸಬಹುದು. ಆದರೆ ದೇಶ ಬಿಡುವಾಗ ಸಿಗುವ ಇಡಿಗಂಟನ್ನು ಪಡೆದರೆ ಆ ವರ್ಷಗಳು ಲೆಕ್ಕದಿಂದ ಅಳಿಸಿಹೋಗುತ್ತವೆ. ಇಡಿಗಂಟು ಕೈಗೆ ಬಂದಾಗ ಹಿಗ್ಗಿ, ಆಮೇಲೆ ಕೈ ಹಿಸುಕಿಕೊಳ್ಳುವಂತಾಗಬಾರದು.

ಇನ್ನು ನನ್ನ ಮನೆಯ ಸಂಗತಿ. 2022ರಲ್ಲಿ ಮಗಳು ನಾಲ್ಕು ತಿಂಗಳು ದುಡಿದು ಸಿದ್ಧಪಡಿಸಿದ ಯೋಜನೆಯೊಂದನ್ನು ಸಭೆಯಲ್ಲಿ ಮಂಡಿಸಿದಳು. ಎಲ್ಲರೂ ಸವಿನಯವಾಗಿ ಆಲಿಸಿದರು, ಅವಳ ಜಪಾನಿ ಭಾಷೆಯನ್ನು ಹೊಗಳಿದರು. ಬೇರೊಂದು ಯೋಜನೆ ವಾರದ ಹಿಂದೆಯೇ ಇತ್ಯರ್ಥವಾಗಿತ್ತು. ಆ ವರ್ಷದ ಬಡ್ತಿ ಅವಳಿಗಿಂತ ಕಿರಿಯನಿಗೆ ಹೋಯಿತು. ಫೋನಿನಲ್ಲಿ ಅವಳ ದನಿ ಕೇಳಿ ನಾನು ಸಿಟ್ಟಿಗೆದ್ದೆ. “ಐದು ವರ್ಷ ಕಳೆದರೂ ನಿನ್ನನ್ನು ಹೊರಗಿನವಳೆಂದೇ ನೋಡುತ್ತಾರೆ, ಬಿಟ್ಟು ಬಾ” ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಪ್ಪಾ, ನಮ್ಮ ಹೌಸಿಂಗ್ ಸೊಸೈಟಿಯ ವಾರ್ಷಿಕ ಸಭೆಗೆ ನೀವು ಎಂದಾದರೂ ಹೋಗಿದ್ದೀರಾ?” ಎಂದು ಕೇಳಿದಳು.

ನಾನು ಹೋಗಿರಲಿಲ್ಲ. ಕೊಂಢವಾದಲ್ಲಿ ಅಷ್ಟು ವರ್ಷಗಳಿಂದ ಮನೆ ಮಾಡಿದ್ದರೂ, ಸೊಸೈಟಿಯ ನಡಾವಳಿಯ ಪುಸ್ತಕ ಮರಾಠಿಯಲ್ಲಿರುತ್ತದೆಂದು ಅದನ್ನು ತೆರೆದವನಲ್ಲ. ಸಂತೆಯ ಮರಾಠಿ ಬರುತ್ತದೆ, ಸಭೆಯ ಮರಾಠಿ ಬಾರದು. ನೀರಿನ ಟ್ಯಾಂಕರಿನ ಖರ್ಚನ್ನು ಹಂಚುವ ಬಗೆಯನ್ನು ನನ್ನನ್ನು ಕೇಳದೆ ನಿರ್ಧರಿಸಿದರೆಂದು ‘ನಾವು ಹೊರಗಿನವರಲ್ಲವೆ’ ಎಂದು ಮನೆಯಲ್ಲಿ ಗೊಣಗಿದವನು ಮಾತ್ರ ನಾನೇ. ಆ ನಿರ್ಧಾರದ ಬೇರಿನ ಸುತ್ತ ಅಗೆಯುವಾಗ ನಾನು ಟಿ.ವಿ. ಮುಂದೆ ಕುಳಿತಿದ್ದೆ. ಬೆಂಗಳೂರಿಗೆ ಬಂದವರು ಕನ್ನಡ ಕಲಿಯಲಿ ಎಂದು ನಮ್ಮ ವೇದಿಕೆಗಳಿಂದ ಹೇಳುತ್ತೇವೆ. ನ್ಯಾಯವಾದ ಬೇಡಿಕೆಯೇ ಅದು. ಪುಣೆಗೆ ಬಂದ ನಾವು ಎಷ್ಟು ಮರಾಠಿ ಓದಿದೆವು? ಬೆಂಗಳೂರಿನಲ್ಲಿ ಕಲಿಯಬಯಸಿದವನಿಗೆ ನಾವು ಎಷ್ಟು ತಾಳ್ಮೆಯಿಂದ ಕಲಿಸಿದೆವು? ಇವೆರಡೂ ಒಂದೇ ಪ್ರಶ್ನೆಯ ಎರಡು ಬದಿಗಳು.

ಮಗಳ ಕಂಪನಿಯನ್ನು ಇದರಿಂದ ನಾನು ದೋಷಮುಕ್ತಗೊಳಿಸುತ್ತಿಲ್ಲ. ಅವಳಿಗಾದದ್ದು ಅನ್ಯಾಯವೆಂದೇ ಇಂದಿಗೂ ನನ್ನ ಅಭಿಪ್ರಾಯ. ಅವಳು ಬಿಟ್ಟು ಬರಲಿಲ್ಲ. ಕಾರಣವನ್ನು ಮೇಲಧಿಕಾರಿಯ ಬಳಿ ಗೌರವಭಾಷೆಯಲ್ಲಿಯೇ, ಆದರೆ ಬರಹದಲ್ಲಿ ಕೇಳಿದಳು. ಸ್ಪಷ್ಟ ಉತ್ತರ ಬರಲಿಲ್ಲ. ಸಭೆಗೆ ಮುಂಚಿನ ಮಾತುಕತೆಗೆ ಕರೆಯುವುದಂತೂ ಆಮೇಲೆ ಆರಂಭವಾಯಿತು. ಬಡ್ತಿ ಇನ್ನೂ ಬಂದಿಲ್ಲ. ಪುಣೆಯಲ್ಲಿ ಜಪಾನಿ ಕಲಿತು ಹೋದ ಯೋಗೇಂದ್ರ ಪುರಾಣಿಕರು ಐ.ಟಿ. ಮತ್ತು ಬ್ಯಾಂಕ್ ಕ್ಷೇತ್ರಗಳಲ್ಲಿ ದುಡಿದು, 2019ರಲ್ಲಿ ಟೋಕಿಯೋದ ಎದೊಗಾವಾ ವಾರ್ಡಿನ ಸಭೆಗೆ ಚುನಾಯಿತರಾದುದನ್ನು ಅವಳಿಗೆ ನೆನಪಿಸಿದೆ. “ಅದಕ್ಕಾಗಿ ಅವರು ಜಪಾನಿನ ಪೌರರಾದರು, ನಾನಿನ್ನೂ ಆ ನಿರ್ಧಾರಕ್ಕೆ ಬಂದಿಲ್ಲ” ಎಂದಳು. ಎರಡು ಪೌರತ್ವಗಳನ್ನು ಇಟ್ಟುಕೊಳ್ಳಲು ನಮ್ಮ ದೇಶ ಬಿಡುವುದಿಲ್ಲ. ಒಳಗಿನವರಾಗುವುದಕ್ಕೆ ತೆರಬೇಕಾದ ಬೆಲೆಯಲ್ಲಿ ಅದೂ ಸೇರಿದೆ ಎಂಬುದನ್ನು ಮರೆಯಬಾರದು.

ಕೊನೆಯದಾಗಿ ಒಂದು ಸಲಹೆ. ನಮ್ಮ ಸಂಘ ಮಕ್ಕಳಿಗೆ ಕನ್ನಡ ತರಗತಿ ನಡೆಸುವಂತೆ, ದೊಡ್ಡವರಿಗೆ ಭಾನುವಾರ ಒಂದು ಗಂಟೆ ಮರಾಠಿ ಓದುಬರಹದ ತರಗತಿಯನ್ನು ಆರಂಭಿಸಲಿ. ನೆರೆಯ ಮರಾಠಿ ಬಂಧುಗಳಲ್ಲಿ ಬಯಸಿದವರಿಗೆ ಅದೇ ಸಭಾಂಗಣದಲ್ಲಿ ಕನ್ನಡ ಕಲಿಸಲಿ. ಜಪಾನಿಗೆ ಹೋಗುವ ಮಕ್ಕಳಿಗೆ ಹೊರಗಿನವರಾಗಿ ಬಾಳುವ ಬಗೆಯನ್ನು ಕಲಿಸುವ ಯೋಗ್ಯತೆ ಆಗ ನಮಗೆ ಬಂದೀತು. ಮೊದಲ ವಿದ್ಯಾರ್ಥಿಯಾಗಿ ನನ್ನ ಹೆಸರನ್ನು ಕಾರ್ಯದರ್ಶಿಗಳು ಈಗಲೇ ಬರೆದಿಟ್ಟುಕೊಳ್ಳಬಹುದು.