ನಾವಿಕನ ಕೊರಳವಸ್ತ್ರ

ರುಮಾಲು ಎಂದರೆ ನಮ್ಮಲ್ಲಿ ಹಿರಿಯರು ತಲೆಗೆ ಸುತ್ತುವ ಬಟ್ಟೆ. ಮೂಲದ ಪಾರಸಿಯಲ್ಲಿ 'ರೂ' ಎಂದರೆ ಮುಖ, 'ಮಾಲ್' ಎಂದರೆ ಒರಸುವುದು. ಮುಖ ಒರಸುವ ಬಟ್ಟೆ ಕನ್ನಡಕ್ಕೆ ಬಂದು ತಲೆಗೇರಿತು! ಹಾಯಿಹಡಗಿನ ಕಾಲದ ನಾವಿಕನ ಕೊರಳವಸ್ತ್ರದ ಕಥೆಯೂ ಹೆಚ್ಚುಕಡಮೆ ಇಂಥದೇ.

ಜಯನಗರದ ನಮ್ಮ ಶಾಲೆಯಲ್ಲಿ ಬಹುಕಾಲ ನಾನೊಂದು ಮಾತು ಹೇಳುತ್ತಿದ್ದೆ: ಆಂಗ್ಲ ನಾವಿಕರ ಕಪ್ಪು ಕೊರಳವಸ್ತ್ರವು 1805ರ ಟ್ರಫಾಲ್ಗರ್ ಕದನದಲ್ಲಿ ಮಡಿದ ನೆಲ್ಸನ್ನನಿಗಾಗಿ ಧರಿಸಿದ ಶೋಕಚಿಹ್ನೆ ಎಂದು. ಒಂದು ದಿನ ಹುಡುಗಿಯೊಬ್ಬಳು ಎದ್ದು, "ಅದಕ್ಕೆ ಮುಂಚೆ ಕಟ್ಟುತ್ತಿರಲಿಲ್ಲವೇ ಸಾರ್?" ಎಂದಳು. ಉತ್ತರ ತೋಚಲಿಲ್ಲ. ಪುಸ್ತಕ ತೆಗೆದು ನೋಡಿದರೆ, ನೆಲ್ಸನ್ ಬದುಕಿದ್ದಾಗಲೇ ನಾವಿಕರು ಕಪ್ಪು ವಸ್ತ್ರ ಕಟ್ಟುತ್ತಿದ್ದರು! ಮರುದಿನ ತರಗತಿಯಲ್ಲಿ ತಪ್ಪೊಪ್ಪಿಕೊಂಡೆ. ಆದರೆ ಹಿಂದೆಯೇ ಕಲಿತು ಹೋದವರಿಗೆ ಹೇಳುವುದೆಂತು? ಈ ಭಾಷಣಕ್ಕೆ ಒಪ್ಪಿದ್ದು ಅದಕ್ಕಾಗಿಯೇ. ಅವರಲ್ಲಿ ಯಾರಾದರೂ ಕೇಳುತ್ತಿದ್ದರೆ ದಯವಿಟ್ಟು ತಿದ್ದಿಕೊಳ್ಳಿ.

ಆ ಬಟ್ಟೆ ಇದ್ದದ್ದು ಬೆವರಿಗಾಗಿ. ಹಾಯಿಯ ಹಗ್ಗ ಎಳೆದು ದಣಿದವನು ಅದರಿಂದಲೇ ಮುಖ ಒರಸಿಕೊಳ್ಳುವನು; ಫಿರಂಗಿ ಸಿಡಿಯುವಾಗ ಅದನ್ನೇ ಕಿವಿ ಮುಚ್ಚುವಂತೆ ತಲೆಗೆ ಬಿಗಿಯುವನು. ಬ್ರಿಟಿಷ್ ನೌಕಾಪಡೆ ಸಾಮಾನ್ಯ ನಾವಿಕನಿಗೆ ಸಮವಸ್ತ್ರ ಗೊತ್ತುಮಾಡಿದ್ದು 1857ರಲ್ಲಿ. ಅದುವರೆಗೆ ಹಡಗಿನ ಉಗ್ರಾಣದಿಂದ ಬಟ್ಟೆ ಕೊಂಡರೆ ಬೆಲೆಯನ್ನು ಸಂಬಳದಲ್ಲಿ ಮುರಿದುಕೊಳ್ಳುತ್ತಿದ್ದರು.

ಅವರ ಉಡುಪಿನಲ್ಲಿ ನಮ್ಮ ದೇಶದ ಮಾತುಗಳೂ ಉಂಟು. ಚುಕ್ಕೆಚುಕ್ಕೆಯ 'ಬಂಡಾನ' ಎಂಬುದು ಹಿಂದಿಯ 'ಬಾಂಧನೂ', ಅಂದರೆ ಗಂಟುಕಟ್ಟಿ ಬಣ್ಣ ಹಾಕುವ ಕಸಬು. ಒರಟು ಹತ್ತಿಬಟ್ಟೆಯ 'ಡಂಗರಿ'ಗೆ ಹೆಸರು ಕೊಟ್ಟದ್ದು ಮುಂಬಯಿಯ ಡೋಂಗ್ರಿ. ನಾಲ್ಕನೇ ಬ್ಲಾಕಿನ ಅಂಗಡಿಯಲ್ಲಿ ಮಗುವಿಗೆ ಡಂಗರಿ ಕೊಳ್ಳುವಾಗ ಅಂಗಡಿಯವರು ಅದನ್ನು ಫಾರಿನ್ ಹೆಸರೆಂದರೆ ನೀವು ಒಳಗೊಳಗೇ ನಗಬಹುದು.