ಅಳಗುಳಿಮಣೆಯಲ್ಲೊಂದು ‘ಅ’

ನಮ್ಮ ಮನೆಯಲ್ಲೊಂದು ಹಳೆಯ ಲ್ಯಾಪ್‌ಟಾಪ್ ಇದೆ. ಅದರ ಗುಂಡಿ ಒತ್ತಿ, ಒಲೆಯ ಮೇಲೆ ಹಾಲಿಟ್ಟರೆ, ಹಾಲು ಉಕ್ಕುವ ಹೊತ್ತಿಗೂ ಅದು ಎದ್ದಿರುತ್ತಿರಲಿಲ್ಲ. ಒಂದು ದಿನ ಅದರ ಮೈಗೆ ಕಿವಿ ಹಚ್ಚಿದೆ. ಒಳಗೆ ಸಣ್ಣಗೆ ಗುಂಯ್ ಎನ್ನುವ ಸದ್ದು. ನಡುನಡುವೆ ಕಟಕಟ, ಇಲಿ ಕಡಲೆ ಕಡಿದ ಹಾಗೆ. ಬನ್ನಿ ಮಕ್ಕಳೇ, ಆ ಸದ್ದು ಯಾರದೆಂದು ನೋಡಿಬರೋಣ.

ಲ್ಯಾಪ್‌ಟಾಪಿಗೂ ಒಂದು ಉಗ್ರಾಣ ಬೇಕು. ಕರೆಂಟು ಹೋದರೂ ನಿಮ್ಮ ಚಿತ್ರ, ಹಾಡು, ಪಾಠಗಳು ಅಳಿಯದೆ ಅಲ್ಲಿ ಇರಬೇಕು. ನಮ್ಮದರಲ್ಲಿದ್ದ ಉಗ್ರಾಣದ ಹೆಸರು ಹಾರ್ಡ್ ಡಿಸ್ಕ್. ಅದರೊಳಗೆ ಕನ್ನಡಿಯಂತೆ ಹೊಳೆಯುವ ಒಂದು ಪುಟ್ಟ ತಟ್ಟೆ ಇರುತ್ತದೆ. ತಟ್ಟೆಯ ಮೇಲೆಲ್ಲ ಕಣ್ಣಿಗೆ ಕಾಣದ ಅಯಸ್ಕಾಂತದ ಗುರುತುಗಳು. ಅವನ್ನು ಓದಲು ಒಂದು ತೆಳ್ಳನೆಯ ಕೈ. ತಟ್ಟೆ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 90 ಸುತ್ತು! ಗುಂಯ್ ಎಂದದ್ದು ತಟ್ಟೆ, ಕಟಕಟ ಎಂದದ್ದು ಆ ಕೈ.

ಇಷ್ಟು ಜೋರಾಗಿ ತಿರುಗಿಯೂ ತಡವೇಕೆ? ಅಮ್ಮನ ಮಸಾಲೆ ಡಬ್ಬಿ ಬುಗುರಿಯ ಹಾಗೆ ತಿರುಗುತ್ತಿದೆ ಅಂದುಕೊಳ್ಳಿ. ಜೀರಿಗೆ ಬೇಕಾದರೆ ಆ ಬಟ್ಟಲು ತನ್ನ ಮುಂದೆ ಬರುವ ತನಕ ಅಮ್ಮ ಕಾಯಬೇಕು. ಆಮೇಲೆ ಸಾಸಿವೆಗೆ ಕಾಯಬೇಕು, ಮತ್ತೆ ಮೆಂತ್ಯಕ್ಕೆ ಕಾಯಬೇಕು. ಒಂದೊಂದು ಸಲದ ಕಾಯುವಿಕೆ ಚಿಟಿಕೆಗಿಂತ ಚಿಕ್ಕದೇ. ಆದರೂ ಸೆಕೆಂಡಿಗೆ ನೂರು ಸಲ ಹುಡುಕಿಕೊಡುವುದೂ ಹಾರ್ಡ್ ಡಿಸ್ಕಿನ ಆ ಕೈಗೆ ಕಷ್ಟ. ಲ್ಯಾಪ್‌ಟಾಪ್ ಏಳಬೇಕಾದರೆ ಅಲ್ಲಲ್ಲಿ ಚದುರಿದ ಸಾವಿರಾರು ಚೂರುಗಳು ಬೇಕು. ಪಾಪ, ಅದನ್ನು ಮಂದ ಎಂದು ಬೈದಿದ್ದೆವಲ್ಲ! ಅದು ಒಲೆ ಹಚ್ಚಿ, ಬಾಣಲೆ ಇಟ್ಟು, ಜೀರಿಗೆಗಾಗಿ ಕಾಯುತ್ತಿತ್ತು.

ಆ ಉಗ್ರಾಣವನ್ನೇ ಬದಲಿಸಿದೆವು. ಹೊಸದರ ಹೆಸರು ಸಾಲಿಡ್ ಸ್ಟೇಟ್ ಡ್ರೈವ್, ಎಲ್ಲರೂ ಎಸ್‌ಎಸ್‌ಡಿ ಎನ್ನುತ್ತಾರೆ. ಮೊದಲು ಹಳೆಯದರಲ್ಲಿದ್ದುದನ್ನೆಲ್ಲ ಹೊಸದಕ್ಕೆ ನಕಲು ಮಾಡಿದೆವು. ಲ್ಯಾಪ್‌ಟಾಪ್ ಆರಿಸಿ, ಚಾರ್ಜರ್ ಕಿತ್ತು, ಬೆನ್ನಿನ ಸ್ಕ್ರೂಗಳನ್ನು ಬಿಚ್ಚಿ ಒಂದು ಬಟ್ಟಲಿಗೆ ಹಾಕಿಕೊಂಡು, ಬ್ಯಾಟರಿಯ ಸಂಪರ್ಕವನ್ನೂ ತಪ್ಪಿಸಿದೆವು. ಇದನ್ನು ದೊಡ್ಡವರ ಜೊತೆಗೇ ಮಾಡಬೇಕು. ಒಳಗೆ ಕೈಯಿಡುವ ಮುಂಚೆ ಲೋಹದ ವಸ್ತುವೊಂದನ್ನು ಮುಟ್ಟಿದೆವು. ತಲೆ ಬಾಚಿದ ಪ್ಲಾಸ್ಟಿಕ್ ಬಾಚಣಿಗೆ ಕಾಗದದ ಚೂರುಗಳನ್ನು ಎಳೆಯುತ್ತದಲ್ಲ, ಅಂಥದೇ ವಿದ್ಯುತ್ತು ನಮ್ಮ ಮೈಯಲ್ಲೂ ಸೇರಿರುತ್ತದೆ. ಒಳಗಿರುವ ಎಲೆಕ್ಟ್ರಾನಿಕ್ ಚಿಪ್ಪಿಗೆ ಅದು ಸಿಡಿಲು ಬಡಿದಂತೆ.

ಎಸ್‌ಎಸ್‌ಡಿ ಕೈಗೆ ಹಗುರ. ಅದರಲ್ಲಿ ತಟ್ಟೆಯಿಲ್ಲ, ಕೈಯಿಲ್ಲ, ಅಲುಗುವುದು ಏನೂ ಇಲ್ಲ. ಹಾಗಾದರೆ ‘ಅ’ ಅಕ್ಷರವನ್ನು ಅದು ಎಲ್ಲಿಡುತ್ತದೆ?

ಅಜ್ಜಿಯ ಅಳಗುಳಿಮಣೆ ತನ್ನಿ. ಎರಡು ಸಾಲು, ಒಟ್ಟು 14 ಕುಳಿ. ಎಸ್‌ಎಸ್‌ಡಿಯ ಚಿಪ್ಪಿನಲ್ಲೂ ಹೀಗೇ ಕುಳಿಗಳು, ಆದರೆ ಕೋಟಿ ಕೋಟಿ. ಹುಣಸೆ ಬೀಜದ ಬದಲು ಅಲ್ಲಿ ಎಲೆಕ್ಟ್ರಾನ್‌ಗಳಿರುತ್ತವೆ. ಬಾಚಣಿಗೆಯ ಆಟದಲ್ಲಿ ಕೂದಲಿಗೂ ಬಾಚಣಿಗೆಗೂ ನಡುವೆ ಓಡಾಡುವ ಸೂಕ್ಷ್ಮ ಕಣಗಳೇ ಅವು. ಬೀಜ ಇದ್ದರೆ 0, ಖಾಲಿ ಇದ್ದರೆ 1. ತಿರುಗುಮುರುಗಾಯಿತಲ್ಲ ಅನ್ನಿಸಿತೇ? ಈ ಚಿಪ್ಪುಗಳಲ್ಲಿ ವಾಡಿಕೆಯೇ ಹಾಗೆ.

ಕಂಪ್ಯೂಟರಿನಲ್ಲಿ ಕನ್ನಡದ ‘ಅ’ ಬರೆದಿಡಲು ಸಾಮಾನ್ಯವಾಗಿ 24 ಗುರುತು ಬೇಕು: 11100000 10110010 10000101. ಎರಡು ಮಣೆ ಜೋಡಿಸಿ ಆಡಿ ನೋಡಿ. ಮೊದಲ ಮೂರು ಕುಳಿ ಖಾಲಿ, ಮುಂದಿನ ಐದಕ್ಕೆ ಒಂದೊಂದು ಬೀಜ. ಹೀಗೆ ಕೊನೆಯ ತನಕ ಇಟ್ಟರೆ 14 ಬೀಜ ಬೇಕಾಗುತ್ತದೆ. 256 ಜಿಬಿ ಎಂದು ಬರೆದಿರುವ ಎಸ್‌ಎಸ್‌ಡಿಯಲ್ಲಿ ಇಂಥ ಗುರುತುಗಳು 2 ಲಕ್ಷ ಕೋಟಿಗೂ ಹೆಚ್ಚು! ಯಾವ ಕುಳಿ ಬೇಕೆಂದರೂ ತಿರುಗಿ ಬರುವ ತನಕ ಕಾಯಬೇಕಿಲ್ಲ. ತಂತಿಗಳ ದಾರಿಯಲ್ಲಿ ನೇರ ಹೋಗಿ ಕೇಳಿದರಾಯಿತು.

ಕರೆಂಟು ಹೋದಾಗ ಬೀಜ ಚೆಲ್ಲುವುದಿಲ್ಲವೇ? ಇಲ್ಲ. ಪ್ರತಿ ಕುಳಿಯ ಸುತ್ತ ವಿದ್ಯುತ್ತು ಹರಿಯದ, ಗಾಜಿನಂಥ ಗೋಡೆ ಇದೆ, ಬಾಗಿಲೇ ಇಲ್ಲ. ಜೋರಾಗಿ ನೂಕಿದರೆ ಮಾತ್ರ ಎಲೆಕ್ಟ್ರಾನ್ ಅದನ್ನು ದಾಟುತ್ತದೆ. ದಾಟಿ ದಾಟಿ ಗೋಡೆ ಸವೆಯುವುದೂ ಉಂಟು. ಅದಕ್ಕೇ ಎಸ್‌ಎಸ್‌ಡಿ ಒಂದೇ ಕುಳಿಯನ್ನು ದಣಿಸದೆ, ಎಲ್ಲ ಕುಳಿಗಳಿಗೂ ಸರದಿಯ ಮೇಲೆ ಕೆಲಸ ಹಂಚುತ್ತದೆ.

ಇಂಥ ನೆನಪಿನ ಚಿಪ್ಪನ್ನು ಕಂಡುಹಿಡಿದವರು ಜಪಾನಿನ ತೋಷಿಬಾ ಕಂಪನಿಯಲ್ಲಿದ್ದ ಫುಜಿಯೊ ಮಸುವೊಕಾ. 1984ರಲ್ಲಿ ಅವರು ಅದನ್ನು ಲೋಕಕ್ಕೆ ತಿಳಿಸಿದರು. ಸ್ಲೇಟನ್ನು ಒಮ್ಮೆಗೇ ಒರೆಸಿದಂತೆ, ಇದರಲ್ಲಿ ಕುಳಿಗಳ ದೊಡ್ಡ ಗುಂಪೊಂದನ್ನು ಒಟ್ಟಿಗೇ ಖಾಲಿ ಮಾಡಬಹುದು. ಅದನ್ನು ಕಂಡ ಅವರ ಜೊತೆಗಾರರೊಬ್ಬರಿಗೆ ಕ್ಯಾಮೆರಾದ ಫ್ಲ್ಯಾಶ್ ನೆನಪಾಯಿತಂತೆ. ಅಲ್ಲಿಂದ ಅದಕ್ಕೆ ಫ್ಲ್ಯಾಶ್ ಎಂದೇ ಹೆಸರು.

ಈಗ ನಮ್ಮ ಲ್ಯಾಪ್‌ಟಾಪ್ ಹಾಲು ಬೆಚ್ಚಗಾಗುವ ಮೊದಲೇ ಏಳುತ್ತದೆ. ಇಂಟರ್‌ನೆಟ್ಟಿನ ವೇಗ ಮಾತ್ರ ಮೊದಲಿನಷ್ಟೇ. ಅದು ಮನೆಯ ಹೊರಗಿನ ದಾರಿ, ಉಗ್ರಾಣ ಬದಲಿಸಿದರೆ ಅದೇನೂ ಅಗಲವಾಗುವುದಿಲ್ಲ.

ನಿಮ್ಮ ಮಣೆಯಲ್ಲಿ ‘ಅ’ ಇನ್ನೂ ಹಾಗೇ ಇದೆಯೇ? 23ನೆಯ ಕುಳಿಯ ಬೀಜವನ್ನು ಪಕ್ಕದ 24ನೆಯ ಕುಳಿಗೆ ಸರಿಸಿ. ಒಂದೇ ಬೀಜ, ಒಂದೇ ಹೆಜ್ಜೆ. ಈಗ ಅಲ್ಲಿರುವುದು ‘ಆ’.