ಸರಾಸರಿ ವೇಗ: ಬಾಯಿಪಾಠ ಬೇಡ, ಅರ್ಥ ಬೇಕು

(ಸಂಘದ ವಿದ್ಯಾರ್ಥಿಗಳು ಮತ್ತು ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕರಿಗೆ ಭೌತಶಾಸ್ತ್ರದ ಗೊಡವೆ ಏಕೆ ಎಂದು ನಿಮಗೆ ಅನಿಸಬಹುದು. ಕಾರಣವಿದೆ. ಒಂಬತ್ತನೇ ತರಗತಿಯ ಚಲನೆಯ ಪಾಠದಲ್ಲಿ ಮಕ್ಕಳು ಎಡವುವುದು ಬಹುಮಟ್ಟಿಗೆ ಲೆಕ್ಕದಲ್ಲಲ್ಲ, ಮಾತಿನಲ್ಲಿ. ಕೂಡುವುದು, ಭಾಗಿಸುವುದು ಅವರಿಗೆ ಬರುತ್ತದೆ. ಆದರೆ 'ಏಕರೂಪ ವೇಗ' ಮತ್ತು 'ಏಕರೂಪ ವೇಗೋತ್ಕರ್ಷ' ಎಂಬ ಎರಡು ಮಾತುಗಳ ವ್ಯತ್ಯಾಸ ಮನಸ್ಸಿಗೆ ಇಳಿದಿರುವುದಿಲ್ಲ. ಸೂತ್ರವನ್ನು ಬಾಯಿಪಾಠ ಮಾಡಿ ಪರೀಕ್ಷೆ ದಾಟುತ್ತಾರೆ. ಮುಂದೆ ಪಿ.ಯು.ಸಿ.ಯಲ್ಲಿ ಅದೇ ಪಾಠ ಇಂಗ್ಲಿಷಿನಲ್ಲಿ ಎದುರಾದಾಗ ಕೈಚೆಲ್ಲಿ ಕೂರುತ್ತಾರೆ. ಉರ್ದು ಮಾಧ್ಯಮದಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿದ ಎಷ್ಟೋ ಜಾಣ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, 'ವಿಜ್ಞಾನ ನಮಗಲ್ಲ' ಎಂದು ದೂರ ಸರಿಯುವುದನ್ನು ನಾವೆಲ್ಲ ಕಂಡಿದ್ದೇವೆ. ಆದ್ದರಿಂದ ಇಂದು ಒಂದೇ ಒಂದು ಸಣ್ಣ ವಿಷಯವನ್ನು ಬುಡದಿಂದ ತಿಳಿದುಕೊಳ್ಳೋಣ. ವೇಗ ಒಂದೇ ಸಮನೆ ಏರುತ್ತಿರುವಾಗ ಸರಾಸರಿ ವೇಗ ಎಂದರೇನು?

ಮೊದಲು ಪದಗಳನ್ನು ನೋಡೋಣ. ವೇಗ, ಉತ್ಕರ್ಷ ಸೇರಿ ವೇಗೋತ್ಕರ್ಷ ಆಯಿತು. ವ್ಯಾಕರಣದಲ್ಲಿ ಇದು ಗುಣಸಂಧಿ. ಉತ್ಕರ್ಷ ಎಂದರೆ ಏರಿಕೆ. ಉರ್ದುವಿನಲ್ಲಿ ಇದನ್ನೇ 'ಇಸ್ರಾ' ಎನ್ನುತ್ತೇವೆ. ತ್ವರೆ ಎಂಬ ಅರ್ಥದ 'ಸುರ್‌ಅತ್' ಪದದ ಬಳಗ ಅದು. ಇನ್ನು 'ಸರಾಸರಿ' ಕನ್ನಡಕ್ಕೆ ಪಾರಸಿಯ ಕಡೆಯಿಂದ ಬಂದ ಪದ. 'ಸರಾಸರ್' ಎಂದರೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ, ಪೂರ್ತಿಯಾಗಿ. ಸರಾಸರಿಗೆ ಉರ್ದುವಿನಲ್ಲಿ 'ಔಸತ್' ಎನ್ನುತ್ತೇವೆ. ಅದು ನಡು ಎಂಬ ಅರ್ಥದ 'ವಸತ್' ಪದಕ್ಕೆ ಸೇರಿದ್ದು. ಒಂದು ಪದ ತುದಿಯಿಂದ ತುದಿಯವರೆಗೆ ಎನ್ನುತ್ತದೆ, ಇನ್ನೊಂದು ನಡು ಎನ್ನುತ್ತದೆ. ಇಂದಿನ ಪಾಠವೆಲ್ಲ ಈ ಎರಡು ಪದಗಳಲ್ಲೇ ಅಡಗಿದೆ.

ತುದಿಯಿಂದ ತುದಿಗೆ ಎಂಬುದು ಸರಾಸರಿ ವೇಗದ ನಿಜವಾದ ವ್ಯಾಖ್ಯೆ. ಒಟ್ಟು ಸ್ಥಾನಪಲ್ಲಟವನ್ನು ಒಟ್ಟು ಕಾಲದಿಂದ ಭಾಗಿಸಿದರೆ ಸರಾಸರಿ ವೇಗ. ಇದು ಎಲ್ಲ ಚಲನೆಗೂ, ಎಲ್ಲ ಕಾಲಕ್ಕೂ ಸರಿ. ಆದರೆ ಆರಂಭಿಕ ವೇಗ ಮತ್ತು ಅಂತಿಮ ವೇಗವನ್ನು ಕೂಡಿ ಎರಡರಿಂದ ಭಾಗಿಸುವ ಸೂತ್ರ ವ್ಯಾಖ್ಯೆಯಲ್ಲ. ಅದನ್ನು ನಿಶ್ಚಿಂತೆಯಿಂದ ಬಳಸಬೇಕಾದರೆ ವೇಗೋತ್ಕರ್ಷ ಏಕರೂಪವಾಗಿರಬೇಕು. ಈ ಷರತ್ತನ್ನು ಮರೆತವರೇ ತಪ್ಪು ಉತ್ತರ ಬರೆಯುವುದು.

ಉದಾಹರಣೆ ನೋಡೋಣ. ನಿಂತಿದ್ದ ಒಂದು ಸ್ಕೂಟರ್ ನೇರ ರಸ್ತೆಯಲ್ಲಿ ಹೊರಟು, ಪ್ರತಿ ಸೆಕೆಂಡಿಗೆ ತನ್ನ ವೇಗವನ್ನು ಸೆಕೆಂಡಿಗೆ 2 ಮೀಟರಿನಂತೆ ಹೆಚ್ಚಿಸಿಕೊಳ್ಳುತ್ತದೆ. 5 ಸೆಕೆಂಡುಗಳ ಕೊನೆಗೆ ಅದರ ವೇಗ ಸೆಕೆಂಡಿಗೆ 10 ಮೀಟರ್. ಸೊನ್ನೆ ಮತ್ತು ಹತ್ತನ್ನು ಕೂಡಿ ಅರ್ಧ ಮಾಡಿದರೆ 5. 5 ಸೆಕೆಂಡುಗಳಲ್ಲಿ ಸಾಗಿದ ದೂರ 25 ಮೀಟರ್.

ಇಲ್ಲಿ ವಿದ್ಯಾರ್ಥಿ ಕೇಳಬೇಕಾದ ಪ್ರಶ್ನೆ: ನಡುವಿನ ವೇಗಗಳನ್ನೆಲ್ಲ ಬಿಟ್ಟು ಮೊದಲನೆಯದು ಮತ್ತು ಕೊನೆಯದು ಎರಡನ್ನೇ ಏಕೆ ತೆಗೆದುಕೊಂಡೆವು? ಉತ್ತರ 'ಔಸತ್' ಪದದಲ್ಲಿದೆ. ನಡುಗಾಲಕ್ಕೆ ಬನ್ನಿ, ಅಂದರೆ ಎರಡೂವರೆ ಸೆಕೆಂಡಿಗೆ. ಆಗ ವೇಗ 5. ಅದಕ್ಕೆ 1 ಸೆಕೆಂಡು ಮೊದಲು ವೇಗ 3, 1 ಸೆಕೆಂಡು ನಂತರ 7. ಎರಡರ ಸರಾಸರಿ 5. 2 ಸೆಕೆಂಡು ಮೊದಲು 1, 2 ಸೆಕೆಂಡು ನಂತರ 9. ಮತ್ತೆ 5. ಮೊದಲರ್ಧದಲ್ಲಿ ಎಷ್ಟು ಕೊರತೆಯಾಯಿತೋ ಎರಡನೆಯ ಅರ್ಧದಲ್ಲಿ ಅಷ್ಟೇ ತುಂಬಿ ಬರುತ್ತದೆ. ಏರಿಕೆ ಸಮನಾಗಿರುವುದರಿಂದಲೇ ಈ ಜೋಡಿಗಳು ಸರಿಹೊಂದುತ್ತವೆ. ಒಂದೊಂದು ಸೆಕೆಂಡಿನಲ್ಲಿ ಸ್ಕೂಟರ್ ಸಾಗಿದ ದೂರ 1, 3, 5, 7, 9 ಮೀಟರ್. ಕೂಡಿ ನೋಡಿ, 25.

ಇದು ಇಂದು ನಿನ್ನೆಯ ತಿಳಿವಳಿಕೆಯಲ್ಲ. ಇಂದಿನ ಇರಾಕಿನ ನೆಲದಲ್ಲಿದ್ದ ಬ್ಯಾಬಿಲೋನಿನ ಖಗೋಳಜ್ಞರು ಕ್ರಿ.ಪೂ. 350ರಿಂದ 50ರ ನಡುವೆ ಜೇಡಿಮಣ್ಣಿನ ಹಲಗೆಗಳ ಮೇಲೆ ಗುರುಗ್ರಹದ ಚಲನೆಯ ಲೆಕ್ಕ ಬರೆದಿಟ್ಟಿದ್ದರು. ಡಿಗ್ರಿಯ 60ನೇ ಒಂದು ಭಾಗಕ್ಕೆ ಕಲೆ ಎನ್ನುತ್ತಾರೆ. ಗ್ರಹದ ವೇಗ 60 ದಿನಗಳಲ್ಲಿ ದಿನಕ್ಕೆ 12 ಕಲೆಯಿಂದ ಒಂಬತ್ತೂವರೆ ಕಲೆಗೆ ಒಂದೇ ಸಮನೆ ಇಳಿಯುತ್ತದೆಂದು ಅವರು ಇಟ್ಟುಕೊಂಡರು. ಎರಡನ್ನೂ ಕೂಡಿ ಅರ್ಧ ಮಾಡಿ 60ರಿಂದ ಗುಣಿಸಿದರು. 10 ಡಿಗ್ರಿ 45 ಕಲೆ ಬಂತು. ಇದು ತ್ರಾಪಿಜ್ಯದ ವಿಸ್ತೀರ್ಣದ ಲೆಕ್ಕ ಎಂಬುದನ್ನು ಮಾಥ್ಯೂ ಒಸೆಂಡ್ರೈವರ್ ಎಂಬ ವಿದ್ವಾಂಸರು 2016ರಲ್ಲಿ ಪ್ರಕಟಿಸಿದರು.

ಅದೇ ನೆಲದ ಬಗ್ದಾದಿನಲ್ಲಿ 12ನೇ ಶತಮಾನದಲ್ಲಿ ಅಬುಲ್ ಬರಕಾತ್ ಅಲ್ ಬಗ್ದಾದಿ ಅವರು, ಬೀಳುವ ವಸ್ತುವಿನ ವೇಗ ಏಕೆ ಹೆಚ್ಚುತ್ತಾ ಹೋಗುತ್ತದೆ ಎಂದು ವಿಚಾರ ಮಾಡಿದರು. ಎಳೆತದ ಪ್ರಭಾವ ಒಂದರ ಮೇಲೊಂದು ಕೂಡುತ್ತಾ ಹೋಗುವುದೇ ಕಾರಣ ಎಂದು ವಿವರಿಸಿದರು. 14ನೇ ಶತಮಾನದಲ್ಲಿ ಆಕ್ಸ್‌ಫರ್ಡಿನ ಮೆರ್ಟನ್ ಕಾಲೇಜಿನ ವಿದ್ವಾಂಸರು ಸರಾಸರಿ ವೇಗದ ಪ್ರಮೇಯವನ್ನು ಮಾತಿನಲ್ಲಿ ಹೇಳಿದರು. ಫ್ರಾನ್ಸಿನ ನಿಕೋಲ್ ಒರೆಮ್ ಅದನ್ನು ಚಿತ್ರ ಬರೆದು ಸಾಧಿಸಿದರು. 1638ರಲ್ಲಿ ಗೆಲಿಲಿಯೋ ಅದನ್ನು ಬೀಳುವ ವಸ್ತುಗಳಿಗೆ ಅನ್ವಯಿಸಿ, ಈಗ ನಾವು ಕಂಡ 1, 3, 5, 7ರ ನಿಯಮವನ್ನು ಗ್ರಂಥದಲ್ಲಿ ಬರೆದರು. ಜ್ಞಾನಕ್ಕೆ ಒಂದೇ ಊರು, ಒಂದೇ ಭಾಷೆ ಇಲ್ಲ ಮಕ್ಕಳೇ. ಯಾವ ಭಾಷೆಯಲ್ಲಿ ಕಲಿತರೂ ಅದು ನಿಮ್ಮದೇ.

ಈಗ ಸೂತ್ರ ಎಲ್ಲಿ ನಡೆಯುವುದಿಲ್ಲ ಎಂಬುದನ್ನು ನೋಡಿ. ಅದೇ ಸ್ಕೂಟರ್ 5 ಸೆಕೆಂಡಿನಲ್ಲಿ 10ರ ವೇಗ ತಲುಪಿ, ಮುಂದಿನ 95 ಸೆಕೆಂಡು ಅದೇ ವೇಗದಲ್ಲಿ ಓಡಿತೆನ್ನಿ. ಒಟ್ಟು ದೂರ 25 ಮತ್ತು 950, ಅಂದರೆ 975 ಮೀಟರ್. 100 ಸೆಕೆಂಡಿನಿಂದ ಭಾಗಿಸಿದರೆ ಸರಾಸರಿ ವೇಗ 9.75. ಸೂತ್ರವನ್ನು ಕಣ್ಣುಮುಚ್ಚಿ ಹಾಕಿದರೆ 5 ಎಂದು ಬರುತ್ತದೆ. ಸುಮಾರು ಅರ್ಧದಷ್ಟು ತಪ್ಪು! ವೇಗೋತ್ಕರ್ಷ ಪ್ರಯಾಣದುದ್ದಕ್ಕೂ ಏಕರೂಪವಾಗಿರಲಿಲ್ಲ, ಅಷ್ಟೇ.

ಇನ್ನೊಂದು: 120 ಕಿಲೋಮೀಟರ್ ದೂರದ ಊರಿಗೆ ಗಂಟೆಗೆ 60ರಂತೆ ಹೋಗಿ 40ರಂತೆ ಹಿಂತಿರುಗಿದರೆ ಸರಾಸರಿ 50 ಎನ್ನುವವರೇ ಹೆಚ್ಚು. ಹೋಗಲು 2 ಗಂಟೆ, ಬರಲು 3 ಗಂಟೆ. 240ನ್ನು 5ರಿಂದ ಭಾಗಿಸಿದರೆ 48. ಇದು ಸರಾಸರಿ ಜವ. ಹೊರಟ ಜಾಗಕ್ಕೇ ಬಂದಿದ್ದರಿಂದ ಸ್ಥಾನಪಲ್ಲಟ ಸೊನ್ನೆ. ಸರಾಸರಿ ವೇಗವೂ ಸೊನ್ನೆ. ಜವ ಬೇರೆ, ವೇಗ ಬೇರೆ ಎಂಬುದನ್ನು ನೆನಪಿಡಿ.

ಕೊನೆಯದಾಗಿ, ಅಂಕಕ್ಕಿಂತ ದೊಡ್ಡ ಮಾತು. ಬೈಕ್ ಓಡಿಸುವ ಯುವಕರು ದಯವಿಟ್ಟು ಕೇಳಿ. ಗಂಟೆಗೆ 36 ಕಿಲೋಮೀಟರ್ ಎಂದರೆ ಸೆಕೆಂಡಿಗೆ 10 ಮೀಟರ್. ಬ್ರೇಕ್ ಹಾಕಿದಾಗ ಪ್ರತಿ ಸೆಕೆಂಡಿಗೆ ವೇಗ 5ರಂತೆ ಇಳಿದರೆ 2 ಸೆಕೆಂಡಿನಲ್ಲಿ ಗಾಡಿ ನಿಲ್ಲುತ್ತದೆ. ಸರಾಸರಿ ವೇಗ 5, ದೂರ 10 ಮೀಟರ್. ಈಗ ಗಂಟೆಗೆ 72 ಕಿಲೋಮೀಟರ್, ಅಂದರೆ ಸೆಕೆಂಡಿಗೆ 20 ಮೀಟರ್. ನಿಲ್ಲಲು 4 ಸೆಕೆಂಡು, ಸರಾಸರಿ ವೇಗ 10, ದೂರ 40 ಮೀಟರ್. ವೇಗ ಎರಡು ಪಟ್ಟಾದರೆ ಕಾಲವೂ ಎರಡು ಪಟ್ಟು, ಸರಾಸರಿಯೂ ಎರಡು ಪಟ್ಟು. ಆದ್ದರಿಂದ ದೂರ ನಾಲ್ಕು ಪಟ್ಟು. ಅಪಾಯ ಕಂಡು ಬ್ರೇಕ್ ಒತ್ತಲು 1 ಸೆಕೆಂಡು ಹಿಡಿದರೆ ಮೊದಲನೆಯದಕ್ಕೆ ಒಟ್ಟು 20 ಮೀಟರ್, ಎರಡನೆಯದಕ್ಕೆ 60 ಮೀಟರ್ ಬೇಕು. ರಸ್ತೆಗೆ ಅಡ್ಡ ಬಂದ ಮಗು 30 ಮೀಟರ್ ದೂರದಲ್ಲಿದ್ದರೆ ಏನಾಗುತ್ತದೆಂದು ನೀವೇ ಲೆಕ್ಕ ಹಾಕಿ. ಅಲ್ಲಿ ಮರುಪರೀಕ್ಷೆ ಇರುವುದಿಲ್ಲ.

ಶಿಕ್ಷಕ ಮಿತ್ರರಲ್ಲಿ ನನ್ನ ವಿನಂತಿ ಇಷ್ಟೇ. ಸೂತ್ರ ಬರೆಸುವ ಮೊದಲು ಅದರ ಷರತ್ತನ್ನು ಮಕ್ಕಳ ಬಾಯಿಂದಲೇ, ಅವರ ಮನೆಮಾತಿನಲ್ಲಿ ಹೇಳಿಸಿ. ಪೋಷಕರೇ, ಮಗಳು ವಿಜ್ಞಾನ ಓದುತ್ತೇನೆಂದರೆ ಭಾಷೆಯ ಭಯದಿಂದ ತಡೆಯಬೇಡಿ. ವಿದ್ಯಾರ್ಥಿಗಳೇ, ಔಸತ್ ರಫ್ತಾರ್ ಎನ್ನಿ, ಸರಾಸರಿ ವೇಗ ಎನ್ನಿ, ನಾಳೆ ಕಾಲೇಜಿನಲ್ಲಿ ಆವರೇಜ್ ವೆಲಾಸಿಟಿ ಎನ್ನಿ. ಹೆಸರು ಮೂರು, ವಿಷಯ ಒಂದೇ. ಒಮ್ಮೆ ಅರ್ಥವಾದದ್ದು ಯಾವ ಭಾಷೆಯಲ್ಲಿ ಕೇಳಿದರೂ ಮರೆಯುವುದಿಲ್ಲ.